ಮೇನ್‌ಫ್ರೇಮ್‌ನಲ್ಲಿ ಡೇಟಾಸೆಟ್‌ಗೆ ಜಾಗ ಸಾಲದಾಗ: ಬಿ37 ಏಕೆ ಬರುತ್ತದೆ, ತಡೆಯುವುದು ಹೇಗೆ

ಬ್ಯಾಂಕಿನ ಶಾಖೆ ಸಂಜೆ ಬಾಗಿಲು ಹಾಕಿದ ಮೇಲೆ ದೊಡ್ಡ ಲೆಕ್ಕಗಳು ಶುರುವಾಗುತ್ತವೆ. ಬಡ್ಡಿ ಸೇರಿಸುವುದು, ಕಾರ್ಡಿನ ವ್ಯವಹಾರಗಳನ್ನು ಖಾತೆಗಳಿಗೆ ಹೊಂದಿಸುವುದು, ವಿಮೆಯ ಕಂತು ವಜಾ ಮಾಡುವುದು ಎಲ್ಲವೂ ರಾತ್ರಿಯಿಡೀ ಒಂದರ ಹಿಂದೊಂದು ಓಡುವ ಬ್ಯಾಚ್ ಜಾಬ್‌ಗಳಲ್ಲಿ ನಡೆಯುತ್ತವೆ. ಜಗತ್ತಿನ ಅನೇಕ ದೊಡ್ಡ ಬ್ಯಾಂಕು ಮತ್ತು ವಿಮಾ ಕಂಪನಿಗಳಲ್ಲಿ ಈ ಜಾಬ್‌ಗಳು ಇಂದಿಗೂ ಮೇನ್‌ಫ್ರೇಮ್ ಎಂಬ ಐಬಿಎಂನ ದೊಡ್ಡ ಕಂಪ್ಯೂಟರ್‌ಗಳ ಮೇಲೆಯೇ ಓಡುತ್ತವೆ. ಅವನ್ನು ಕಾಯುವ ತಂಡಗಳಲ್ಲಿ ಎಷ್ಟೋ ತಂಡಗಳು ಬೆಂಗಳೂರಿನಲ್ಲಿವೆ. ಕಾಲೇಜಿನಲ್ಲಿ ಜಾವಾ, ಪೈಥಾನ್ ಕಲಿತು ಬಂದವರಿಗೆ ಮೇನ್‌ಫ್ರೇಮ್ ಪ್ರಾಜೆಕ್ಟ್ ಸಿಕ್ಕಿತೆಂದರೆ, ಬಹುಬೇಗ ಎದುರಾಗುವ ತೊಂದರೆ ಎಸ್‌ಬಿ37, ಅಂದರೆ ಜಾಗ ಸಾಲದೆ ಜಾಬ್ ಬಿದ್ದಾಗ ಸಿಸ್ಟಮ್ ಕೊಡುವ ಬಿ37 ಎಂಬ ದೋಷ ಸಂಕೇತ. ಜಾಬ್ ಅರ್ಧಕ್ಕೆ ನಿಲ್ಲುತ್ತದೆ, ಅದರ ಹಿಂದಿನ ಜಾಬ್‌ಗಳೆಲ್ಲ ಕಾಯುತ್ತ ನಿಲ್ಲುತ್ತವೆ, ಬೆಳಗ್ಗೆ ಗ್ರಾಹಕರ ಖಾತೆಯಲ್ಲಿ ಹಳೆಯ ಮೊತ್ತವೇ ಕಾಣುತ್ತದೆ.

ಹೊಸಬರು ಇದನ್ನು ‘ಡಿಸ್ಕ್ ತುಂಬಿದೆ’ ಎಂದು ಓದಿಕೊಳ್ಳುತ್ತಾರೆ. ಬಹಳ ಸಲ ಡಿಸ್ಕ್ ತುಂಬಿರುವುದೇ ಇಲ್ಲ. ಜಾಬ್ ತಾನು ಕೇಳಿಕೊಂಡಿದ್ದ ಜಾಗವನ್ನು ಮುಗಿಸಿದೆ ಅಷ್ಟೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಮೇನ್‌ಫ್ರೇಮ್‌ನ ಜಾಗದ ನಿರ್ವಹಣೆ ಅರ್ಧ ಅರ್ಥವಾದಂತೆ.

ಡೇಟಾಸೆಟ್, ಮತ್ತು ಮೊದಲೇ ಜಾಗ ಕೇಳುವ ಪದ್ಧತಿ

ನಮ್ಮ ಲ್ಯಾಪ್‌ಟಾಪಿನಲ್ಲಿ ಫೈಲ್ ಎನ್ನುವುದನ್ನು ಮೇನ್‌ಫ್ರೇಮ್‌ನಲ್ಲಿ ಡೇಟಾಸೆಟ್ ಎನ್ನುತ್ತಾರೆ. ಹೆಸರು ಗರಿಷ್ಠ 44 ಅಕ್ಷರ. ಚುಕ್ಕಿಗಳಿಂದ ಬೇರ್ಪಟ್ಟ ಒಂದೊಂದು ಭಾಗ ಗರಿಷ್ಠ 8 ಅಕ್ಷರ. ಲ್ಯಾಪ್‌ಟಾಪಿನಲ್ಲಿ ಫೈಲ್ ಬರೆಯಲು ಶುರುಮಾಡಿದರೆ ಡಿಸ್ಕಿನಲ್ಲಿ ಜಾಗ ಇರುವತನಕ ಅದು ಬೆಳೆಯುತ್ತ ಹೋಗುತ್ತದೆ. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಆದ ಝೆಡ್‌ಓಎಸ್ ಹಾಗೆ ಬಿಡುವುದಿಲ್ಲ. ಡೇಟಾಸೆಟ್ ಹುಟ್ಟುವಾಗಲೇ ‘ಮೊದಲಿಗೆ ಇಷ್ಟು ಬೇಕು, ಸಾಲದಿದ್ದರೆ ಪ್ರತಿ ಸಲ ಇಷ್ಟಿಷ್ಟು ಕೊಡು’ ಎಂದು ಹೇಳಬೇಕು. ಮೊದಲನೆಯದು ಪ್ರೈಮರಿ, ಎರಡನೆಯದು ಸೆಕೆಂಡರಿ. ಜಾಬ್ ಓಡಿಸಲು ಬರೆಯುವ ಜೆಸಿಎಲ್‌ನಲ್ಲಿ ಇದು ಹೀಗಿರುತ್ತದೆ:

ಸ್ಪೇಸ್=(ಸಿಲ್,(100,10),ಆರ್‌ಎಲ್‌ಎಸ್‌ಇ)

ಮೊದಲಿಗೆ 100 ಸಿಲಿಂಡರ್ (ಇದು ಡಿಸ್ಕ್ ಜಾಗದ ಒಂದು ಅಳತೆ), ಸಾಲದಿದ್ದರೆ ಪ್ರತಿ ಸಲ 10 ಸಿಲಿಂಡರ್, ಕೊನೆಯಲ್ಲಿ ಬಳಸದೆ ಉಳಿದದ್ದನ್ನು ವಾಪಸು ಕೊಡು ಎಂದು ಇದರ ಅರ್ಥ.

ಈ ಪದ್ಧತಿ 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/360ರ ಕಾಲದಿಂದ ಬಂದದ್ದು. ಆಗ ಡಿಸ್ಕ್ ಬಹಳ ದುಬಾರಿ, ನೂರಾರು ಜಾಬ್‌ಗಳು ಅದನ್ನೇ ಹಂಚಿಕೊಳ್ಳಬೇಕು. ಮೊದಲೇ ಹೇಳಿ ಪಡೆದರೆ ಒಂದು ಜಾಬ್ ಹದ್ದು ಮೀರಿ ಬೆಳೆದು ಉಳಿದವರ ಜಾಗ ತಿನ್ನುವುದಿಲ್ಲ. ಇಂದು ಡಿಸ್ಕ್ ಅಗ್ಗವಾಗಿದ್ದರೂ ಈ ಶಿಸ್ತು ಉಳಿದಿದೆ. ತಪ್ಪು ಪ್ರೋಗ್ರಾಂ ಒಂದು ಕೊನೆಯಿಲ್ಲದ ಲೂಪಿಗೆ ಬಿದ್ದು ರೆಕಾರ್ಡ್ ಮೇಲೆ ರೆಕಾರ್ಡ್ ಬರೆಯತೊಡಗಿದರೆ, ತನ್ನ ಪಾಲು ಮುಗಿದೊಡನೆ ಅದೇ ನಿಲ್ಲುತ್ತದೆ. ಪಕ್ಕದ ಜಾಬ್‌ಗೆ ಏನೂ ಆಗುವುದಿಲ್ಲ.

ಟ್ರ್ಯಾಕ್, ಸಿಲಿಂಡರ್, ವಾಲ್ಯೂಮ್

ಇಲ್ಲಿ ಜಾಗವನ್ನು ಮೆಗಾಬೈಟಿಗಿಂತ ಹೆಚ್ಚಾಗಿ ಟ್ರ್ಯಾಕ್ ಮತ್ತು ಸಿಲಿಂಡರ್‌ಗಳಲ್ಲಿ ಅಳೆಯುತ್ತಾರೆ. ಅಳತೆಗೆ ಆಧಾರ 1989ರಲ್ಲಿ ಬಂದ 3390 ಎಂಬ ಡಿಸ್ಕ್. ಆ ಯಂತ್ರ ಈಗ ಇಲ್ಲ. ಆದರೆ ಇಂದಿನ ಸ್ಟೋರೇಜ್ ಪೆಟ್ಟಿಗೆಗಳು ಆಪರೇಟಿಂಗ್ ಸಿಸ್ಟಮ್ಮಿನ ಮುಂದೆ 3390ರ ವೇಷದಲ್ಲೇ ನಿಲ್ಲುತ್ತವೆ. ಹಾಗಾಗಿ ಹಳೆಯ ಜೆಸಿಎಲ್ ಒಂದಕ್ಷರ ಬದಲಿಸದೆ ಓಡುತ್ತದೆ.

3390ರ ಒಂದು ಟ್ರ್ಯಾಕಿನಲ್ಲಿ ಹೆಚ್ಚೆಂದರೆ 56,664 ಬೈಟ್. 15 ಟ್ರ್ಯಾಕ್ ಸೇರಿದರೆ ಒಂದು ಸಿಲಿಂಡರ್, ಅಂದರೆ 8,49,960 ಬೈಟ್. ಒಂದು ಗಿಗಾಬೈಟಿಗೆ ಸುಮಾರು 1,177 ಸಿಲಿಂಡರ್ ಎಂದು ನೆನಪಿಟ್ಟುಕೊಂಡರೆ ಬಾಯಿಲೆಕ್ಕಕ್ಕೆ ಸಾಕು. ಸಿಲಿಂಡರ್‌ಗಳ ಗುಂಪು ಒಂದು ವಾಲ್ಯೂಮ್. ಅದಕ್ಕೆ ವಾಲ್ಸರ್ ಎಂಬ ಆರು ಅಕ್ಷರದ ಹೆಸರು. ಮಾಡೆಲ್ 3ರಲ್ಲಿ 3,339 ಸಿಲಿಂಡರ್, ಮಾಡೆಲ್ 9ರಲ್ಲಿ 10,017, ಮಾಡೆಲ್ 54 ಎಂದು ಕರೆಯುವುದರಲ್ಲಿ 65,520. ಅದಕ್ಕಿಂತ ದೊಡ್ಡವು ಇಎವಿ, ಅಂದರೆ ಎಕ್ಸ್‌ಟೆಂಡೆಡ್ ಅಡ್ರೆಸ್ ವಾಲ್ಯೂಮ್‌ಗಳು. ಇವುಗಳ ಗರಿಷ್ಠ ಮಿತಿ 11,82,006 ಸಿಲಿಂಡರ್, ಸುಮಾರು ಒಂದು ಟೆರಾಬೈಟ್. ಇಎವಿಯಲ್ಲಿ 65,520ರ ಆಚೆಗಿನ ಜಾಗವನ್ನು 21 ಸಿಲಿಂಡರ್‌ಗಳ ತುಂಡುಗಳಾಗಿ ಮಾತ್ರ ಹಂಚುತ್ತಾರೆ. ಸಣ್ಣ ಡೇಟಾಸೆಟ್ ಅಲ್ಲಿಗೆ ಹೋದರೆ ಕೇಳಿದ್ದಕ್ಕಿಂತ ಹೆಚ್ಚು ಹಿಡಿದಂತೆ ಕಾಣುವುದು ಇದಕ್ಕೇ.

ವಿಟಾಕ್: ವಾಲ್ಯೂಮಿನ ಪಹಣಿ

ಯಾವ ಡೇಟಾಸೆಟ್ ವಾಲ್ಯೂಮಿನ ಯಾವ ಭಾಗದಲ್ಲಿದೆ ಎಂಬ ದಾಖಲೆ ಆ ವಾಲ್ಯೂಮಿನೊಳಗೇ ಇರುತ್ತದೆ. ಅದರ ಹೆಸರು ವಿಟಾಕ್. ನಮ್ಮ ಊರಿನ ಪಹಣಿಯ ಹಾಗೆಯೇ ಇದು: ಯಾರ ಹೆಸರಿನಲ್ಲಿ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ತುಂಡು. ಒಬ್ಬರ ಹೆಸರಿನಲ್ಲಿ ಊರಿನ ಬೇರೆ ಬೇರೆ ಕಡೆ ತುಂಡು ಜಮೀನು ಇರುವಂತೆ ಒಂದು ಡೇಟಾಸೆಟ್ಟಿಗೂ ವಾಲ್ಯೂಮಿನ ಬೇರೆ ಬೇರೆ ಕಡೆ ತುಂಡುಗಳಿರಬಹುದು. ಅಂಥ ಒಂದೊಂದು ತುಂಡೇ ಎಕ್ಸ್‌ಟೆಂಟ್.

ಸಾಮಾನ್ಯ ಸೀಕ್ವೆನ್ಷಿಯಲ್ ಡೇಟಾಸೆಟ್‌ಗೆ ಒಂದು ವಾಲ್ಯೂಮಿನಲ್ಲಿ ಹೆಚ್ಚೆಂದರೆ 16 ಎಕ್ಸ್‌ಟೆಂಟ್. ಈ ಸಂಖ್ಯೆ ಬಂದದ್ದು ವಿಟಾಕ್‌ನ ರಚನೆಯಿಂದ. ವಿಟಾಕ್‌ನ ಒಂದು ನಮೂದು 140 ಬೈಟ್. ಡೇಟಾಸೆಟ್ಟಿನ ಮುಖ್ಯ ನಮೂದಾದ ಫಾರ್ಮ್ಯಾಟ್-1ರಲ್ಲಿ ಮೂರು ಎಕ್ಸ್‌ಟೆಂಟ್‌ಗಳ ವಿವರ ಬರೆಯಲು ಮಾತ್ರ ಜಾಗವಿದೆ. ಅದು ತುಂಬಿದರೆ ಫಾರ್ಮ್ಯಾಟ್-3 ಎಂಬ ಇನ್ನೊಂದು ನಮೂದು ಸೇರುತ್ತದೆ, ಅದರಲ್ಲಿ 13. ಮೂರು ಮತ್ತು ಹದಿಮೂರು ಸೇರಿ ಹದಿನಾರು.

ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದಿಲ್ಲ. ಪ್ರೈಮರಿ ಒಂದೇ ತುಂಡಿನಲ್ಲಿ ಸಿಗಬೇಕೆಂದೇನೂ ಇಲ್ಲ. ವಾಲ್ಯೂಮ್ ಚೂರುಚೂರಾಗಿದ್ದರೆ ಸಿಸ್ಟಮ್ ಅದನ್ನು ಐದು ತುಂಡುಗಳವರೆಗೆ ಒಡೆದು ಕೊಡಬಹುದು. ಆಗ ಸೆಕೆಂಡರಿಗೆ ಉಳಿಯುವುದು 15 ಅಲ್ಲ, 11 ಸಲ ಮಾತ್ರ. ಮೇಲಿನ (100,10) ಉದಾಹರಣೆಯಲ್ಲಿ ಒಳ್ಳೆಯ ದಿನ ಡೇಟಾಸೆಟ್ 250 ಸಿಲಿಂಡರ್‌ವರೆಗೆ ಬೆಳೆಯಬಹುದು, ಕೆಟ್ಟ ದಿನ 210ಕ್ಕೇ ನಿಲ್ಲಬಹುದು. ಅದೇ ಜಾಬ್, ಅಷ್ಟೇ ಡೇಟಾ, ನಿನ್ನೆ ಓಡಿತು ಇಂದು ಬಿತ್ತು ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ.

ವಿಟಾಕ್‌ಗೂ ತನ್ನದೇ ಗಾತ್ರವಿದೆ. 3390ರ ಒಂದು ಟ್ರ್ಯಾಕಿನಲ್ಲಿ 50 ನಮೂದು ಹಿಡಿಯುತ್ತವೆ. ಸಣ್ಣ ಸಣ್ಣ ಡೇಟಾಸೆಟ್‌ಗಳು ಸಾವಿರಗಟ್ಟಲೆ ಇರುವ ವಾಲ್ಯೂಮಿನಲ್ಲಿ ಸಿಲಿಂಡರ್‌ಗಳು ಖಾಲಿಯಿದ್ದರೂ ವಿಟಾಕ್ ತುಂಬಿ, ಹೊಸದೊಂದು ಡೇಟಾಸೆಟ್ಟೂ ಹುಟ್ಟದ ಪರಿಸ್ಥಿತಿ ಬರುತ್ತದೆ.

ಎಷ್ಟು ಜಾಗ ಕೇಳಬೇಕು: ಬ್ಲಾಕ್ ಸೈಜ್‌ನಿಂದ ಶುರುವಾಗುವ ಲೆಕ್ಕ

ಜಾಗದ ಲೆಕ್ಕದಲ್ಲಿ ಅತಿ ದೊಡ್ಡ ಪಾತ್ರ ಬ್ಲಾಕ್ ಸೈಜಿನದು. ಡಿಸ್ಕಿಗೆ ರೆಕಾರ್ಡುಗಳನ್ನು ಒಂದೊಂದಾಗಿ ಬರೆಯುವುದಿಲ್ಲ. ಹಲವನ್ನು ಸೇರಿಸಿ ಒಂದು ಬ್ಲಾಕ್ ಮಾಡಿ ಬರೆಯುತ್ತಾರೆ. ಪ್ರತಿ ಬ್ಲಾಕಿನ ಜೊತೆ ಟ್ರ್ಯಾಕಿನಲ್ಲಿ ಸ್ವಲ್ಪ ಖಾಲಿ ಅಂತರ ಮತ್ತು ಗುರುತಿನ ಮಾಹಿತಿಗೆ ಜಾಗ ಹೋಗುತ್ತದೆ. ಬ್ಲಾಕ್ ಚಿಕ್ಕದಾದಷ್ಟೂ ಈ ನಷ್ಟ ಹೆಚ್ಚು.

80 ಬೈಟಿನ ರೆಕಾರ್ಡುಗಳನ್ನು ನೋಡಿ. ಬ್ಲಾಕ್ ಮಾಡದೆ ಒಂದೊಂದಾಗಿ ಬರೆದರೆ ಒಂದು ಟ್ರ್ಯಾಕಿನಲ್ಲಿ 78 ರೆಕಾರ್ಡ್ ಮಾತ್ರ ಹಿಡಿಯುತ್ತವೆ, ಅಂದರೆ 6,240 ಬೈಟ್. ಟ್ರ್ಯಾಕಿನ ಶೇಕಡಾ 11ರಷ್ಟು ಮಾತ್ರ ಡೇಟಾ, ಉಳಿದದ್ದು ಪೋಲು. ಬ್ಲಾಕ್ ಸೈಜ್ 27,920 ಇಟ್ಟರೆ ಒಂದು ಬ್ಲಾಕಿನಲ್ಲಿ 349 ರೆಕಾರ್ಡ್, ಟ್ರ್ಯಾಕಿಗೆ ಎರಡು ಬ್ಲಾಕ್, ಒಟ್ಟು 698. ಒಂದು ಲಕ್ಷ ರೆಕಾರ್ಡಿಗೆ ಮೊದಲ ರೀತಿಯಲ್ಲಿ 1,283 ಟ್ರ್ಯಾಕ್ ಬೇಕು, ಎರಡನೆಯದರಲ್ಲಿ 144. ಡೇಟಾ ಒಂದಿಷ್ಟೂ ಬದಲಾಗಿಲ್ಲ. ಒಂಬತ್ತು ಪಟ್ಟಿನ ವ್ಯತ್ಯಾಸ ಒಂದೇ ಒಂದು ಸಂಖ್ಯೆಯಿಂದ.

27,998ಕ್ಕೆ ‘ಅರ್ಧ ಟ್ರ್ಯಾಕ್’ ಎನ್ನುತ್ತಾರೆ. ಸಾಮಾನ್ಯ ಡೇಟಾಸೆಟ್‌ಗಳಲ್ಲಿ ಬ್ಲಾಕ್ ಸೈಜ್ 32,760 ಮೀರುವಂತಿಲ್ಲ, ಇಡೀ ಟ್ರ್ಯಾಕಿಗೆ ಒಂದೇ ಬ್ಲಾಕ್ ಆಗದು. ಹಾಗಾಗಿ ಎರಡು ಬ್ಲಾಕ್ ಹಿಡಿಸುವ ಗರಿಷ್ಠ ಗಾತ್ರವೇ ಒಳ್ಳೆಯದು. 32,760 ಇನ್ನೂ ದೊಡ್ಡದಲ್ಲವೇ ಎಂದು ಅದನ್ನೇ ಇಟ್ಟರೆ ಟ್ರ್ಯಾಕಿಗೆ ಒಂದೇ ಬ್ಲಾಕ್ ಹಿಡಿದು ಉಳಿದ ಭಾಗ ಖಾಲಿ ಬೀಳುತ್ತದೆ. ಈ ತಾಪತ್ರಯವೇ ಬೇಡವೆಂದರೆ ಬ್ಲಾಕ್ ಸೈಜ್ ಸೊನ್ನೆ ಎಂದು ಬರೆಯಿರಿ, ಸಿಸ್ಟಮ್ ತಾನೇ ಸರಿಯಾದದ್ದನ್ನು ಆರಿಸುತ್ತದೆ. ಹೊಸ ಜೆಸಿಎಲ್‌ನಲ್ಲಿ ಕೈಯಿಂದ ಬ್ಲಾಕ್ ಸೈಜ್ ಬರೆಯಲು ಬಲವಾದ ಕಾರಣ ಇರಬೇಕು. ಹಳೆಯ ಜೆಸಿಎಲ್‌ನಿಂದ ನಕಲು ಮಾಡಿದ 800, 6,160 ಮುಂತಾದ ಸಂಖ್ಯೆಗಳು ಇಂದಿಗೂ ಡಿಸ್ಕ್ ತಿನ್ನುತ್ತಿವೆ.

ಈಗ ಒಂದು ಪೂರ್ತಿ ಲೆಕ್ಕ. 200 ಬೈಟಿನ 10 ಲಕ್ಷ ರೆಕಾರ್ಡ್ ಬರೆಯಬೇಕು. 27,998ರೊಳಗೆ 200ರ ಅತಿ ದೊಡ್ಡ ಗುಣಕ 27,800, ಅಂದರೆ ಬ್ಲಾಕಿಗೆ 139 ರೆಕಾರ್ಡ್, ಟ್ರ್ಯಾಕಿಗೆ 278. 10,00,000ವನ್ನು 278ರಿಂದ ಭಾಗಿಸಿದರೆ 3,598 ಟ್ರ್ಯಾಕ್, 15ರಿಂದ ಭಾಗಿಸಿದರೆ 240 ಸಿಲಿಂಡರ್. ಇದಕ್ಕೆ (50,5) ಎಂದು ಕೇಳಿದ್ದರೆ ಏನಾಗುತ್ತದೆ? 50 ಮತ್ತು ಐದೈದರಂತೆ ಹದಿನೈದು ಸಲ, ಒಟ್ಟು 125 ಸಿಲಿಂಡರ್. 5,21,250 ರೆಕಾರ್ಡ್ ಬರೆದ ಮೇಲೆ ಜಾಬ್ ಬೀಳುತ್ತದೆ. ವಾಲ್ಯೂಮಿನಲ್ಲಿ ಇನ್ನೂ ಐದು ಸಾವಿರ ಸಿಲಿಂಡರ್ ಖಾಲಿ ಇರಬಹುದು, ಅದರಿಂದ ಪ್ರಯೋಜನವಿಲ್ಲ. (240,24) ಎಂದು ಕೇಳಿದರೆ ಪ್ರೈಮರಿಯಲ್ಲೇ ಕೆಲಸ ಮುಗಿಯುತ್ತದೆ, ತಿಂಗಳ ಕೊನೆಯಲ್ಲಿ ರೆಕಾರ್ಡ್ ಎರಡು ಪಟ್ಟಾದರೂ ಆರುನೂರು ಸಿಲಿಂಡರ್‌ವರೆಗೆ ತಡೆದುಕೊಳ್ಳುತ್ತದೆ.

ಸಿಲಿಂಡರ್ ಲೆಕ್ಕ ಬೇಡವಾದರೆ ರೆಕಾರ್ಡುಗಳಲ್ಲೇ ಕೇಳುವ ದಾರಿಯೂ ಇದೆ. ಆವ್‌ಜಿರೆಕ್ ಎಂಬ ನಿಯತಾಂಕದಲ್ಲಿ ಯು ಬರೆದರೆ ಬಿಡಿ ರೆಕಾರ್ಡು, ಕೆ ಬರೆದರೆ 1,024ರ ಗುಂಪು, ಎಂ ಬರೆದರೆ 10,48,576ರ ಗುಂಪು. ರೆಕಾರ್ಡ್ ಉದ್ದ ಕೊಟ್ಟರೆ ಭಾಗಾಕಾರವನ್ನು ಸಿಸ್ಟಮ್ಮೇ ಮಾಡಿಕೊಳ್ಳುತ್ತದೆ.

ಬಹಳ ದೊಡ್ಡ ಫೈಲುಗಳಿಗೆ ಇನ್ನೊಂದು ಗೋಡೆ ಇದೆ. ಸಾಮಾನ್ಯ ಸೀಕ್ವೆನ್ಷಿಯಲ್ ಡೇಟಾಸೆಟ್ ಒಂದು ವಾಲ್ಯೂಮಿನಲ್ಲಿ 65,535 ಟ್ರ್ಯಾಕ್ ಮೀರುವಂತಿಲ್ಲ. ಅದು ಸರಿಯಾಗಿ 4,369 ಸಿಲಿಂಡರ್, 3.7 ಗಿಗಾಬೈಟ್. ಅದಕ್ಕಿಂತ ಹೆಚ್ಚು ಬೇಕಾದರೆ ಡಿಎಸ್‌ಎನ್‌ಟೈಪ್‌ನಲ್ಲಿ ಲಾರ್ಜ್ ಎಂದು ಬರೆಯಬೇಕು, ಅಥವಾ ಎಕ್ಸ್‌ಟೆಂಡೆಡ್ ಫಾರ್ಮ್ಯಾಟ್ ಬಳಸಬೇಕು. ಎಕ್ಸ್‌ಟೆಂಡೆಡ್ ಫಾರ್ಮ್ಯಾಟಿನಲ್ಲಿ ಎಕ್ಸ್‌ಟೆಂಟ್‌ಗಳ ಮಿತಿಯೂ ವಾಲ್ಯೂಮಿಗೆ 16ರಿಂದ 123ಕ್ಕೆ ಏರುತ್ತದೆ.

ಬಿ37, ಡಿ37, ಇ37: ಮೂರು ಬೇರೆ ಬೇರೆ ರೋಗ

ಜಾಗ ಮುಗಿದು ಜಾಬ್ ಬೀಳುವುದನ್ನು ಒಟ್ಟಾಗಿ ಎಕ್ಸ್37 ಅಬೆಂಡ್ ಎನ್ನುತ್ತಾರೆ; ಅಬೆಂಡ್ ಎಂದರೆ ಜಾಬ್ ಅಸಹಜವಾಗಿ ನಿಲ್ಲುವುದು. ಮೂರನ್ನೂ ಒಂದೇ ಮದ್ದಿನಿಂದ ಗುಣಪಡಿಸಲು ಹೋಗುವುದೇ ತಪ್ಪು.

ಡಿ37 ಬಂದರೆ ಪ್ರೈಮರಿ ಮುಗಿದಿದೆ, ಸೆಕೆಂಡರಿ ಕೇಳಿಯೇ ಇರಲಿಲ್ಲ ಎಂದರ್ಥ. ಜೊತೆಗೆ ಐಇಸಿ031ಐ ಎಂಬ ಸಂದೇಶ ಬರುತ್ತದೆ. ಸ್ಪೇಸ್ ಸಾಲಿನಲ್ಲಿ ಎರಡನೇ ಸಂಖ್ಯೆ ಇಲ್ಲವೇ ಇಲ್ಲ, ಅಥವಾ ಸೊನ್ನೆ ಇದೆ. ಸೆಕೆಂಡರಿ ಸೇರಿಸಿದರೆ ಸಾಕು.

ಬಿ37 ಬಂದರೆ ಸಂದೇಶ ಐಇಸಿ030ಐ. ಸೆಕೆಂಡರಿ ಇತ್ತು, ಆದರೆ 16 ಎಕ್ಸ್‌ಟೆಂಟ್ ಮುಗಿದವು. ಅಥವಾ ಆ ವಾಲ್ಯೂಮಿನಲ್ಲಿ ಸೆಕೆಂಡರಿ ಕೊಡುವಷ್ಟು ಜಾಗವಿಲ್ಲ, ಮುಂದಿನ ವಾಲ್ಯೂಮೂ ಇಲ್ಲ. ಈ ಎರಡರಲ್ಲಿ ಯಾವುದು ಎಂದು ನೋಡದೆ ಸಂಖ್ಯೆ ಹೆಚ್ಚಿಸಬಾರದು. ಎಕ್ಸ್‌ಟೆಂಟ್ 16 ಆಗಿದ್ದರೆ ಪ್ರೈಮರಿ ಮತ್ತು ಸೆಕೆಂಡರಿ ಹೆಚ್ಚಿಸಬೇಕು. ಎಕ್ಸ್‌ಟೆಂಟ್ ಐದೋ ಆರೋ ಇರುವಾಗಲೇ ಬಿದ್ದಿದ್ದರೆ ವಾಲ್ಯೂಮ್ ತುಂಬಿದೆ. ಆಗ ಸೆಕೆಂಡರಿ ಹೆಚ್ಚಿಸಿದರೆ ಇನ್ನೂ ಬೇಗ ಬೀಳುತ್ತದೆ, ಏಕೆಂದರೆ ಇನ್ನೂ ದೊಡ್ಡ ತುಂಡನ್ನು ಹುಡುಕಬೇಕು. ಅಲ್ಲಿ ಬೇಕಾದದ್ದು ವಾಲ್ಯೂಮ್ ಸಂಖ್ಯೆ ಹೆಚ್ಚಿಸುವುದು, ಅಂದರೆ ಯೂನಿಟ್ ಸಾಲಿನಲ್ಲಿ ವಾಲ್ಯೂಮ್ ಎಣಿಕೆ ಕೊಡುವುದು.

ಇ37, ಅಂದರೆ ಐಇಸಿ032ಐ, ಹೆಚ್ಚಾಗಿ ಪ್ರೋಗ್ರಾಂಗಳನ್ನು ಇಡುವ ಪಿಡಿಎಸ್ ಲೈಬ್ರರಿಗಳಲ್ಲಿ ಕಾಣುತ್ತದೆ. ಕೊಟ್ಟ ವಾಲ್ಯೂಮ್‌ಗಳೆಲ್ಲ ಮುಗಿದಾಗಲೂ ಬರುತ್ತದೆ.

ಜಾಬ್ ಶುರುವಾಗುವ ಮೊದಲೇ ಐಇಎಫ್257ಐ ಸಂದೇಶ ಕೊಟ್ಟು ನಿಂತರೆ ಅದು ನಾಲ್ಕನೆಯ ಸಂಗತಿ. ಪ್ರೈಮರಿ ಕೇಳಿದಷ್ಟು ಸಿಗಲೇ ಇಲ್ಲ. ವಾಲ್ಯೂಮ್ ಆರಿಸುವ ಕೆಲಸವನ್ನು ತಾನೇ ಮಾಡುವ ಎಸ್‌ಎಂಎಸ್ ಎಂಬ ಸಬ್‌ಸಿಸ್ಟಮ್ ನಿರ್ವಹಿಸುವ ಡೇಟಾಸೆಟ್ ಆದರೆ ಐಜಿಡಿ17272ಐ ಬರುತ್ತದೆ. ‘ಇರಲಿ’ ಎಂದು 5,000 ಸಿಲಿಂಡರ್ ಪ್ರೈಮರಿ ಕೇಳುವ ಅಭ್ಯಾಸದ ಫಲ ಇದು. ಎಕ್ಸ್37ಕ್ಕೆ ಹೆದರಿ ಸಂಖ್ಯೆ ದೊಡ್ಡದು ಮಾಡಿದವರು ಇಲ್ಲಿಗೆ ಬಂದು ಬೀಳುತ್ತಾರೆ.

ಲೈಬ್ರರಿಗಳಲ್ಲಿ ಸೋರಿಹೋಗುವ ಜಾಗ

ಜೆಸಿಎಲ್, ಕೋಬಾಲ್ ಪ್ರೋಗ್ರಾಂಗಳನ್ನು ಇಡುವ ಪಿಡಿಎಸ್ ಎಂಬ ಲೈಬ್ರರಿಯೊಳಗೆ ಮೆಂಬರ್‌ಗಳಿರುತ್ತವೆ. ಒಂದು ಮೆಂಬರನ್ನು ತಿದ್ದಿ ಸೇವ್ ಮಾಡಿದಾಗ ಹಳೆಯದರ ಮೇಲೆಯೇ ಹೊಸದು ಬರೆಯಲ್ಪಡುವುದಿಲ್ಲ. ಲೈಬ್ರರಿಯ ಕೊನೆಯಲ್ಲಿ ಹೊಸ ಪ್ರತಿ ಸೇರುತ್ತದೆ, ಡೈರೆಕ್ಟರಿ ಅದನ್ನು ತೋರಿಸತೊಡಗುತ್ತದೆ, ಹಳೆಯ ಪ್ರತಿಯ ಜಾಗ ಸತ್ತ ಜಾಗವಾಗಿ ಉಳಿಯುತ್ತದೆ. ಡಿಲೀಟ್ ಮಾಡಿದರೂ ಅಷ್ಟೆ. ದಿನಕ್ಕೆ ಹತ್ತು ಸಲ ತಿದ್ದುವ ತಂಡದ ಲೈಬ್ರರಿ, ಮೆಂಬರ್ ಸಂಖ್ಯೆ ಹೆಚ್ಚದಿದ್ದರೂ ತುಂಬಿಹೋಗಿ ಇ37 ಕೊಡುವುದು ಹೀಗೆ.

ಪರಿಹಾರ ಕಂಪ್ರೆಸ್. ಮೇನ್‌ಫ್ರೇಮ್‌ನ ಮೆನು ಪರದೆಯಾದ ಐಎಸ್‌ಪಿಎಫ್‌ನಲ್ಲಿ ಡೇಟಾಸೆಟ್‌ಗಳನ್ನು ತೋರಿಸುವ 3.4 ಪಟ್ಟಿಯಲ್ಲಿ ಲೈಬ್ರರಿಯ ಮುಂದೆ ಝೆಡ್ ಒತ್ತಿದರೆ, ಅಥವಾ ನಕಲು ಮಾಡುವ ಐಇಬಿಕಾಪಿ ಪ್ರೋಗ್ರಾಂನಲ್ಲಿ ಒಳಗೂ ಹೊರಗೂ ಅದೇ ಲೈಬ್ರರಿ ಕೊಟ್ಟರೆ ಜೀವಂತ ಮೆಂಬರ್‌ಗಳು ಮುಂದಕ್ಕೆ ಸರಿದು ಸತ್ತ ಜಾಗ ಬಿಡುಗಡೆಯಾಗುತ್ತದೆ. ಎಚ್ಚರ ಬೇಕಾದದ್ದು ಇಲ್ಲಿ. ಕಂಪ್ರೆಸ್ ನಡೆಯುತ್ತಿರುವಾಗ ಜಾಬ್ ಕ್ಯಾನ್ಸಲ್ ಆದರೆ ಲೈಬ್ರರಿ ಹಾಳಾಗಬಹುದು. ಮೊದಲು ಒಂದು ಪ್ರತಿ ತೆಗೆದಿಡಿ, ಬೇರೆ ಯಾರೂ ಬಳಸದಂತೆ, ಡೇಟಾಸೆಟ್ಟಿನ ಸ್ಥಿತಿ ಹೇಳುವ ಡಿಸ್ಪ್ ಎಂಬ ಜೆಸಿಎಲ್ ನಿಯತಾಂಕದಲ್ಲಿ ಓಲ್ಡ್ ಕೊಡಿ. ಓಡುತ್ತಿರುವ ಸಿಸ್ಟಮ್ ಓದುವ ಲೋಡ್ ಲೈಬ್ರರಿಗಳನ್ನು ಹಾಗೇ ಕಂಪ್ರೆಸ್ ಮಾಡಲೇಬೇಡಿ. ಪ್ರೋಗ್ರಾಂಗಳ ಸ್ಥಳ ಬದಲಾಗಿರುವುದು ಸಿಸ್ಟಮ್ಮಿಗೆ ಗೊತ್ತಿರುವುದಿಲ್ಲ, ಹಳೆಯ ಜಾಗದಲ್ಲಿ ಬೇರೇನೋ ಓದುತ್ತದೆ.

ಡೈರೆಕ್ಟರಿ ತುಂಬುವುದು ಬೇರೆ ಕಥೆ. ಅದರ ಸಂದೇಶ ಐಇಸಿ217ಐ, ಅಬೆಂಡ್ ಬಿ14. ಒಂದು ಡೈರೆಕ್ಟರಿ ಬ್ಲಾಕ್ 256 ಬೈಟ್; ಐಎಸ್‌ಪಿಎಫ್ ಅಂಕಿಅಂಶ ಇರುವ ಮೆಂಬರ್‌ಗಳಾದರೆ ಬ್ಲಾಕಿಗೆ ಹೆಚ್ಚೆಂದರೆ ಆರು. 10 ಬ್ಲಾಕ್ ಕೇಳಿದ್ದರೆ ಅರವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಂಪ್ರೆಸ್‌ನಿಂದ ಇದು ಸರಿಹೋಗದು. ದೊಡ್ಡ ಡೈರೆಕ್ಟರಿಯ ಹೊಸ ಲೈಬ್ರರಿ ಮಾಡಿ ನಕಲು ಮಾಡಿಕೊಳ್ಳಬೇಕು. ಪಿಡಿಎಸ್‌ಇ ಬಳಸಿದರೆ ಈ ಎರಡೂ ಕಾಟವಿಲ್ಲ. ಡೈರೆಕ್ಟರಿ ತಾನಾಗಿ ಬೆಳೆಯುತ್ತದೆ, ಬಿಟ್ಟ ಜಾಗ ಮತ್ತೆ ಬಳಕೆಯಾಗುತ್ತದೆ, 123 ಎಕ್ಸ್‌ಟೆಂಟ್ ಸಿಗುತ್ತವೆ.

ವಿಸ್ಯಾಮ್‌ನ ವಿಷಯ

ಕೀಲಿಯಿಂದ ಹುಡುಕುವ ವಿಸ್ಯಾಮ್ ಡೇಟಾಸೆಟ್‌ಗಳಲ್ಲಿ 3.4 ಪಟ್ಟಿ ಬಳಕೆಯ ಶೇಕಡಾವಾರು ತೋರಿಸುವುದಿಲ್ಲ, ಪ್ರಶ್ನೆಚಿಹ್ನೆ ಇಡುತ್ತದೆ. ಐಡಿಕ್ಯಾಮ್ಸ್ ಎಂಬ ಸಿಸ್ಟಮ್ ಪ್ರೋಗ್ರಾಂನ ಲಿಸ್ಟ್‌ಕ್ಯಾಟ್ ಆದೇಶ ಓಡಿಸಿ ಎರಡು ಸಂಖ್ಯೆ ನೋಡಬೇಕು: ಹಂಚಿದ ಜಾಗದ ಗಡಿಯಾದ ಹೈ-ಎ-ಆರ್‌ಬಿಎ, ಬಳಸಿದ ಗಡಿಯಾದ ಹೈ-ಯು-ಆರ್‌ಬಿಎ. ಎರಡೂ ಒಂದಕ್ಕೊಂದು ಹತ್ತಿರ ಬಂದಿದ್ದರೆ ಮುಂದಿನ ಎಕ್ಸ್‌ಟೆಂಟ್ ಬರುವ ಹೊತ್ತಾಗಿದೆ. ಸಿಎ ಸ್ಪ್ಲಿಟ್, ಅಂದರೆ ತುಂಬಿದ ಭಾಗ ಎರಡಾಗಿ ಒಡೆಯುವುದರ ಎಣಿಕೆ ಏರುತ್ತಿದ್ದರೆ ನಡುನಡುವೆ ರೆಕಾರ್ಡ್ ಸೇರುತ್ತ ಡೇಟಾಸೆಟ್ ಉಬ್ಬುತ್ತಿದೆ. ಎಕ್ಸ್‌ಟೆಂಡೆಡ್ ಅಡ್ರೆಸಬಿಲಿಟಿ ಎಂಬ ಸೌಲಭ್ಯ ಇಲ್ಲದ ವಿಸ್ಯಾಮ್ 4 ಗಿಗಾಬೈಟಿಗೆ ನಿಂತುಬಿಡುತ್ತದೆ, ವಾಲ್ಯೂಮ್ ಎಷ್ಟೇ ಖಾಲಿ ಇರಲಿ. ವಿಸ್ಯಾಮ್ ಬೆಳೆಯಲಾಗದಾಗ ಬರುವ ಸಂದೇಶ ಐಇಸಿ070ಐ.

ಎಸ್‌ಎಂಎಸ್ ಮತ್ತು ಎಚ್‌ಎಸ್‌ಎಂ ಮಾಡುವ ಕೆಲಸ

ವಾಲ್ಯೂಮ್ ಯಾವುದೆಂದು ಜೆಸಿಎಲ್‌ನಲ್ಲಿ ಬರೆಯುವ ಕಾಲ ಬಹುಮಟ್ಟಿಗೆ ಹೋಗಿದೆ. ಈಗ ಎಸ್‌ಎಂಎಸ್, ಅಂದರೆ ಸ್ಟೋರೇಜ್ ಮ್ಯಾನೇಜ್‌ಮೆಂಟ್ ಸಬ್‌ಸಿಸ್ಟಮ್, ಆ ಆಯ್ಕೆ ಮಾಡುತ್ತದೆ. ವಾಲ್ಯೂಮ್‌ಗಳನ್ನು ಸ್ಟೋರೇಜ್ ಗ್ರೂಪ್ ಎಂಬ ಗುಂಪುಗಳಲ್ಲಿ ಇಟ್ಟಿರುತ್ತಾರೆ. ಡೇಟಾಸೆಟ್ಟಿನ ಹೆಸರು ಮುಂತಾದವನ್ನು ನೋಡಿ ಅದು ಯಾವ ಗುಂಪಿಗೆ ಹೋಗಬೇಕು ಎಂದು ಸಿಸ್ಟಮ್ ತಂಡ ಬರೆದಿಟ್ಟ ಎಸಿಎಸ್ ರೂಟೀನ್‌ಗಳು ತೀರ್ಮಾನಿಸುತ್ತವೆ. ಡೇಟಾಸೆಟ್ಟಿನ ಗುಣಗಳ ಸಿದ್ಧ ಪಟ್ಟಿಯಾದ ಡೇಟಾ ಕ್ಲಾಸ್‌ನಲ್ಲಿ ಎರಡು ಸೌಲಭ್ಯಗಳನ್ನು ತೆರೆದಿಟ್ಟರೆ ಎಕ್ಸ್37 ಬಹಳ ಕಡಿಮೆಯಾಗುತ್ತದೆ. ಒಂದು ಡೈನಾಮಿಕ್ ವಾಲ್ಯೂಮ್ ಕೌಂಟ್: ಒಂದು ವಾಲ್ಯೂಮ್ ಸಾಲದಾದಾಗ ಜೆಸಿಎಲ್ ಬದಲಿಸದೆಯೇ ಇನ್ನೊಂದನ್ನು ಸೇರಿಸಿಕೊಳ್ಳುವುದು. ಇನ್ನೊಂದು ಸ್ಪೇಸ್ ಕನ್‌ಸ್ಟ್ರೇಂಟ್ ರಿಲೀಫ್: ಕೇಳಿದಷ್ಟು ಸಿಗದಿದ್ದರೆ ನಿಗದಿತ ಶೇಕಡಾವಾರು ಕಡಿತಗೊಳಿಸಿಯಾದರೂ ಹಂಚುವುದು, ಐದು ತುಂಡುಗಳ ಮಿತಿಯನ್ನು ಸಡಿಲಿಸುವುದು.

ಬಳಸದೆ ಬಿದ್ದಿರುವ ಡೇಟಾಸೆಟ್‌ಗಳನ್ನು ತೆರವು ಮಾಡುವುದು ಎಚ್‌ಎಸ್‌ಎಂ ಎಂಬ ಸಿಸ್ಟಮ್ ಪ್ರೋಗ್ರಾಂ. ಅದರ ನಿಯಮಗಳಿರುವ ಮ್ಯಾನೇಜ್‌ಮೆಂಟ್ ಕ್ಲಾಸ್ ಹೇಳಿದಷ್ಟು ದಿನ ಯಾರೂ ಮುಟ್ಟದಿದ್ದರೆ ಅದು ಡೇಟಾಸೆಟ್ಟನ್ನು ಕುಗ್ಗಿಸಿ ಎಂಎಲ್1 ಎಂಬ ಬೇರೆ ಡಿಸ್ಕಿಗೆ, ಅಲ್ಲಿಂದ ಎಂಎಲ್2ಕ್ಕೆ, ಅಂದರೆ ಸಾಮಾನ್ಯವಾಗಿ ಟೇಪಿಗೆ, ಸಾಗಿಸುತ್ತದೆ. 3.4 ಪಟ್ಟಿಯಲ್ಲಿ ವಾಲ್ಯೂಮಿನ ಜಾಗದಲ್ಲಿ ಮೈಗ್ರಾಟ್ ಎಂದು ಕಂಡರೆ ಅದು ಹೀಗೆ ಹೋದದ್ದು. ತೆರೆದೊಡನೆ ತಾನಾಗಿ ವಾಪಸು ಬರುತ್ತದೆ. ಟೇಪಿನಿಂದಾದರೆ ಸ್ವಲ್ಪ ಕಾಯಬೇಕು. ವಾಪಸು ಬರುವಾಗ ಜಾಗ ಬೇಕು ಎಂಬುದನ್ನು ಮರೆಯಬಾರದು. ತುಂಬಿದ ಗುಂಪಿಗೆ ನೂರು ಹಳೆಯ ಡೇಟಾಸೆಟ್‌ಗಳನ್ನು ಒಂದೇ ಸಲ ಕರೆದರೆ ರಾತ್ರಿಯ ಬ್ಯಾಚಿಗೆ ಜಾಗ ಉಳಿಯುವುದಿಲ್ಲ. ಹಿಂದೆ ಐಇಎಫ್‌ಬಿಆರ್14 ಎಂಬ, ತಾನೇನೂ ಮಾಡದ ಪ್ರೋಗ್ರಾಂ ಓಡಿಸಿ ಜೆಸಿಎಲ್‌ನಿಂದ ಅಳಿಸುವಾಗಲೂ ಡೇಟಾಸೆಟ್ ಮೊದಲು ಟೇಪಿನಿಂದ ಬಂದು ಆಮೇಲೆ ಅಳಿಯುತ್ತಿತ್ತು. ಝೆಡ್‌ಓಎಸ್ 1.11ರಿಂದ ಈ ಸುತ್ತಾಟ ತಪ್ಪಿಸುವ ಆಯ್ಕೆ ಬಂದಿದೆ, ಅದನ್ನು ಸಿಸ್ಟಮ್ ತಂಡ ತೆರೆದಿಡಬೇಕು.

ಪ್ರತಿ ಸ್ಟೋರೇಜ್ ಗ್ರೂಪಿಗೂ ಮೇಲಿನ ಮತ್ತು ಕೆಳಗಿನ ಮಿತಿ ಇರುತ್ತದೆ. ಮೇಲಿನದು 85 ಎಂದಿದ್ದರೆ ಶೇಕಡಾ 85 ತುಂಬಿದ ವಾಲ್ಯೂಮನ್ನು ಹೊಸ ಹಂಚಿಕೆಗೆ ಆದಷ್ಟು ಹಿಂದಿಡುತ್ತಾರೆ, ಎಚ್‌ಎಸ್‌ಎಂ ಅಲ್ಲಿಂದ ಅರ್ಹ ಡೇಟಾಸೆಟ್‌ಗಳನ್ನು ಕೆಳಗಿನ ಮಿತಿಯ ಕಡೆಗೆ ಇಳಿಸುತ್ತದೆ. ಉಳಿದ 15 ಇರುವುದು ಈಗಾಗಲೇ ಇರುವ ಡೇಟಾಸೆಟ್‌ಗಳ ಸೆಕೆಂಡರಿಗಾಗಿ. ಮಿತಿಯನ್ನು 98ಕ್ಕೆ ಏರಿಸಿ ‘ಜಾಗ ಉಳಿಸಿದೆವು’ ಎಂದುಕೊಂಡರೆ ಬಿ37 ಹೆಚ್ಚುತ್ತದೆ.

ದಿನನಿತ್ಯ ಏನನ್ನು ನೋಡಬೇಕು

ಒಂದೇ ಡೇಟಾಸೆಟ್ ನೋಡಲು 3.4 ಸಾಕು: ಎಷ್ಟು ಟ್ರ್ಯಾಕ್ ಹಂಚಿದೆ, ಶೇಕಡಾ ಎಷ್ಟು ಬಳಕೆ, ಎಷ್ಟು ಎಕ್ಸ್‌ಟೆಂಟ್. ಅದೇ ಪರದೆಯಲ್ಲಿ ವಾಲ್ಸರ್ ಕೊಟ್ಟು ವಿ ಆಯ್ಕೆ ಮಾಡಿದರೆ ವಾಲ್ಯೂಮಿನ ಖಾಲಿ ಜಾಗ, ಅತಿ ದೊಡ್ಡ ಖಾಲಿ ತುಂಡು, ವಿಟಾಕ್‌ನಲ್ಲಿ ಉಳಿದ ನಮೂದು ಕಾಣುತ್ತವೆ. ಒಟ್ಟು ಖಾಲಿ ಜಾಗಕ್ಕಿಂತ ಅತಿ ದೊಡ್ಡ ಖಾಲಿ ತುಂಡು ಮುಖ್ಯ. 2,000 ಸಿಲಿಂಡರ್ ಖಾಲಿ ಇದ್ದೂ ದೊಡ್ಡ ತುಂಡು 30 ಮಾತ್ರ ಆದರೆ, ಐದು ತುಂಡು ಸೇರಿಸಿದರೂ 150 ದಾಟದು, 240ರ ಪ್ರೈಮರಿ ಅಲ್ಲಿ ಸಿಗದು. ಅಂಥ ವಾಲ್ಯೂಮಿಗೆ ಡಿಫ್ರಾಗ್, ಅಂದರೆ ಚೂರುಗಳನ್ನು ಒಟ್ಟುಗೂಡಿಸುವುದು ಬೇಕು.

ಇಡೀ ವ್ಯವಸ್ಥೆಗೆ ಐಡಿಕ್ಯಾಮ್ಸ್‌ನ ಡಿಕಲೆಕ್ಟ್ ಉತ್ತಮ ಸಾಧನ. ದಿನಕ್ಕೊಮ್ಮೆ ಓಡಿಸಿದರೆ ಪ್ರತಿ ವಾಲ್ಯೂಮಿಗೂ ಪ್ರತಿ ಡೇಟಾಸೆಟ್ಟಿಗೂ ಒಂದೊಂದು ರೆಕಾರ್ಡ್ ಕೊಡುತ್ತದೆ: ಹಂಚಿದ ಜಾಗ, ಬಳಸಿದ ಜಾಗ, ಎಕ್ಸ್‌ಟೆಂಟ್ ಎಣಿಕೆ, ಕೊನೆಯ ಬಾರಿ ಬಳಸಿದ ದಿನ. ಇದನ್ನು ಸಾರ್ಟ್ ಮಾಡಿ ನೋಡಿದರೆ ನಾಳೆ ಬೀಳಬಹುದಾದ ಜಾಬ್ ಇಂದೇ ಕಾಣುತ್ತದೆ. 16 ಎಕ್ಸ್‌ಟೆಂಟ್ ಮಿತಿಯವುಗಳಲ್ಲಿ 12 ದಾಟಿದವನ್ನು ಮೊದಲು ಹಿಡಿಯಿರಿ. ಆಮೇಲೆ ನೂರು ಸಿಲಿಂಡರ್ ಮೇಲೆ ಹಿಡಿದು ಅರ್ಧವೂ ಬಳಸದವನ್ನು ನೋಡಿ. ಅಲ್ಲಿ ಆರ್‌ಎಲ್‌ಎಸ್‌ಇ ಬರೆಯಲು ಮರೆತಿರುತ್ತಾರೆ. ಆದರೆ ಡಿಸ್ಪ್‌ನಲ್ಲಿ ಮಾಡ್ ಎಂದು ಹಾಕಿ ದಿನವೂ ಕೊನೆಗೆ ಸೇರಿಸುತ್ತ ಹೋಗುವ ಡೇಟಾಸೆಟ್‌ಗೆ ಆರ್‌ಎಲ್‌ಎಸ್‌ಇ ಒಳ್ಳೆಯದಲ್ಲ. ಪ್ರತಿ ಸಲ ಉಳಿದದ್ದನ್ನು ಬಿಟ್ಟುಕೊಟ್ಟು ಮರುದಿನ ಹೊಸ ಎಕ್ಸ್‌ಟೆಂಟ್ ಕೇಳಿ ಬೇಗನೆ 16 ಮುಟ್ಟುತ್ತದೆ.

ಜಿಡಿಜಿಗಳನ್ನೂ ಬಿಡಬೇಡಿ. ದಿನಕ್ಕೊಂದು ಪೀಳಿಗೆ ಹುಟ್ಟಿಸುವ ಈ ಡೇಟಾಸೆಟ್ ಸರಣಿಗೆ ಮಿತಿ 30 ಇದ್ದರೆ, ನಮ್ಮ 240 ಸಿಲಿಂಡರ್ ಫೈಲ್ ಒಂದೇ 7,200 ಸಿಲಿಂಡರ್ ಹಿಡಿದಿರುತ್ತದೆ. ನಿಜವಾಗಿ ಬೇಕಿರುವುದು ಏಳು ದಿನದ್ದೋ ಮೂವತ್ತು ದಿನದ್ದೋ ಎಂದು ಫೈಲಿನ ಒಡೆಯರನ್ನು ಕೇಳಿಯೇ ತಿಳಿಯಬೇಕು.

ರಾತ್ರಿ ಜಾಬ್ ಬಿದ್ದರೆ

ಸಂದೇಶದ ಸಾಲನ್ನು ಪೂರ್ತಿ ಓದಿ. ಅದರಲ್ಲಿ ಸ್ಟೆಪ್, ಡಿಡಿ ಹೆಸರು (ಜೆಸಿಎಲ್‌ನಲ್ಲಿ ಆ ಫೈಲಿನ ಸಾಲಿನ ಹೆಸರು), ವಾಲ್ಯೂಮ್, ಡೇಟಾಸೆಟ್ ಎಲ್ಲವೂ ಇರುತ್ತವೆ. ಎಷ್ಟೋ ಸಲ ಬಿದ್ದದ್ದು ಮುಖ್ಯ ಫೈಲಲ್ಲ, ಮೂಲೆಯಲ್ಲಿದ್ದ ವರದಿ ಫೈಲು. ಆಮೇಲೆ ಎಕ್ಸ್‌ಟೆಂಟ್ ಎಣಿಸಿ, ವಾಲ್ಯೂಮ್ ನೋಡಿ, ಇಂದಿನ ರೆಕಾರ್ಡ್ ಸಂಖ್ಯೆಯನ್ನು ನಿನ್ನೆಯದರ ಜೊತೆ ಹೋಲಿಸಿ. ಇನ್‌ಪುಟ್ ನಿನ್ನೆಯಷ್ಟೇ ಇದ್ದು ಔಟ್‌ಪುಟ್ ಹತ್ತು ಪಟ್ಟಾಗಿದ್ದರೆ ತಪ್ಪು ಪ್ರೋಗ್ರಾಂನಲ್ಲಿದೆ, ಜಾಗ ಹೆಚ್ಚಿಸುವುದು ಮದ್ದಲ್ಲ.

ಜಾಗವೇ ಕಾರಣವೆಂದು ಖಚಿತವಾದರೆ ಸ್ಪೇಸ್ ತಿದ್ದಿ. ಈಗಾಗಲೇ ಇರುವ ಸೀಕ್ವೆನ್ಷಿಯಲ್ ಡೇಟಾಸೆಟ್‌ಗೆ ಬರೆಯುತ್ತಿದ್ದರೂ ಜೆಸಿಎಲ್‌ನಲ್ಲಿ ಸ್ಪೇಸ್ ಬರೆದರೆ ಆ ಓಟದ ಮಟ್ಟಿಗೆ ಹೊಸ ಸೆಕೆಂಡರಿ ಲೆಕ್ಕಕ್ಕೆ ಬರುತ್ತದೆ. ಇದು ತುರ್ತಿಗೆ ಒದಗುತ್ತದೆ, ಆದರೆ 16 ಮುಗಿದ ಮೇಲೆ ಒದಗುವುದಿಲ್ಲ.

ಮತ್ತೆ ಓಡಿಸುವ ಮೊದಲು ಅರ್ಧ ಬರೆದ ಡೇಟಾಸೆಟ್ ಏನಾಗಿದೆ ನೋಡಿ. ಡಿಸ್ಪ್‌ನ ಮೂರನೇ ಭಾಗ ಡಿಲೀಟ್ ಎಂದಿದ್ದರೆ ಅದು ಅಳಿದಿದೆ, ನೇರವಾಗಿ ಓಡಿಸಬಹುದು. ಕ್ಯಾಟ್ಲ್‌ಗ್ ಎಂದಿದ್ದರೆ ಉಳಿದಿದೆ. ಅಳಿಸದೆ ಓಡಿಸಿದರೆ ಅದೇ ಹೆಸರು ಕ್ಯಾಟಲಾಗಿನಲ್ಲಿದೆ ಎಂದು ಐಜಿಡಿ17101ಐ ಕೊಟ್ಟು ಮತ್ತೆ ನಿಲ್ಲುತ್ತದೆ. ಅತಿ ಅಪಾಯದ್ದು ಮಾಡ್. ಬಿದ್ದ ಓಟದಲ್ಲಿ ಬರೆದ 5,21,250 ರೆಕಾರ್ಡ್ ಅಲ್ಲೇ ಇರುತ್ತವೆ, ಮರು ಓಟ ಮೊದಲಿನಿಂದ ಶುರುವಾಗಿ ಅವನ್ನೇ ಮತ್ತೆ ಸೇರಿಸುತ್ತದೆ. ಜಾಬ್ ಯಾವ ತಪ್ಪನ್ನೂ ತೋರಿಸದೆ ಸೊನ್ನೆ ರಿಟರ್ನ್ ಕೋಡ್‌ನೊಂದಿಗೆ ಮುಗಿಯುತ್ತದೆ, ಮುಂದಿನ ಜಾಬ್ ಒಂದೇ ವ್ಯವಹಾರವನ್ನು ಗ್ರಾಹಕರ ಖಾತೆಗೆ ಎರಡು ಸಲ ಹಾಕುತ್ತದೆ. ಮಾಡ್ ಇದ್ದರೆ ಮೊದಲು ಆ ಸ್ಟೆಪ್‌ಗೆ ಮುಂಚಿನ ಬ್ಯಾಕಪ್‌ನಿಂದ ಡೇಟಾಸೆಟ್ಟನ್ನು ಹಿಂದಿನ ಸ್ಥಿತಿಗೆ ತನ್ನಿ, ರೆಕಾರ್ಡ್ ಎಣಿಸಿ, ಆಮೇಲೆ ಓಡಿಸಿ. ಅಂಥ ಬ್ಯಾಕಪ್ ತೆಗೆಯುವ ಸ್ಟೆಪ್ ಜಾಬ್‌ನಲ್ಲಿ ಇಲ್ಲದಿದ್ದರೆ, ಸ್ಪೇಸ್ ಸಾಲು ತಿದ್ದುವ ದಿನವೇ ಅದನ್ನೂ ಸೇರಿಸಿ.